ಕಿಡ್ನಿ ಕಸಿಗೆ ಗಡಿ ದಾಟುವ ಮುನ್ನ: ಮೊದಲು ದಾನಿ, ಆಮೇಲೆ ಆಸ್ಪತ್ರೆ

ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ಕಿಡ್ನಿ ವಿಭಾಗದ ಮುಂದೆ ಸ್ವಲ್ಪ ಹೊತ್ತು ಕುಳಿತರೆ ಕನ್ನಡ, ತಮಿಳು, ತೆಲುಗುಗಳ ನಡುವೆ ಅರಬ್ಬಿ, ಬಂಗಾಳಿ ಮಾತುಗಳೂ ಕಿವಿಗೆ ಬೀಳುತ್ತವೆ. ನೈಜೀರಿಯಾ, ಕೀನ್ಯಾ, ಸುಡಾನ್, ಯೆಮನ್, ಇರಾಕ್, ಬಾಂಗ್ಲಾದೇಶ, ಮಾಲ್ಡೀವ್ಸ್‌ಗಳಿಂದ ರೋಗಿಗಳು ಭಾರತಕ್ಕೆ ಬರುತ್ತಾರೆ. 2023ರಲ್ಲಿ ದೇಶದಲ್ಲಿ ನಡೆದ 18,378 ಅಂಗಾಂಗ ಕಸಿಗಳ ಪೈಕಿ ಸುಮಾರು 1,850 ಕಸಿಗಳನ್ನು ಪಡೆದವರು ವಿದೇಶಿಯರು. ಅವುಗಳಲ್ಲಿ ಬಹುಪಾಲು ನಡೆದದ್ದು ದೆಹಲಿ ಮತ್ತು ಅದರ ಆಸುಪಾಸಿನಲ್ಲಿ.

ಗಡಿ ದಾಟುವ ಯೋಚನೆ ನಮ್ಮವರಲ್ಲೂ ಇದೆ. ಅಪ್ಪನನ್ನು ಅಮೆರಿಕಕ್ಕೆ ಕರೆಸಿಕೊಂಡು ಅಲ್ಲಿಯೇ ಕಸಿ ಮಾಡಿಸಬಹುದೇ ಎಂದು ಮಗ ವಿಚಾರಿಸುತ್ತಾನೆ. ಅಮೆರಿಕದ ಪೌರತ್ವ ಪಡೆದ ಅಣ್ಣ ಹುಬ್ಬಳ್ಳಿಯ ತಂಗಿಗೆ ತನ್ನ ಕಿಡ್ನಿ ಕೊಡಲು ಹೊರಡುತ್ತಾನೆ. ದುಬೈಯಲ್ಲಿ ಕೆಲಸ ಮಾಡುವಾಗಲೇ ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಕಲ್ಮಶ ಏರಿ ಡಯಾಲಿಸಿಸ್‌ಗೆ ಬಂದವರು ಊರಿಗೆ ಮರಳುವುದೋ ಅಲ್ಲೇ ಉಳಿಯುವುದೋ ಎಂದು ತೂಗಿ ನೋಡುತ್ತಾರೆ. ಇಂಥ ಮಾತು ಬಂದಾಗಲೆಲ್ಲ ಖರ್ಚು, ವೀಸಾ, ಆಸ್ಪತ್ರೆಯ ಹೆಸರುಗಳೇ ಮೊದಲು ಚರ್ಚೆಗೆ ಬರುತ್ತವೆ. ನನ್ನ ಪ್ರಕಾರ ಇವೆಲ್ಲಕ್ಕಿಂತ ಮೊದಲು ತೀರ್ಮಾನವಾಗಬೇಕಾದ ಪ್ರಶ್ನೆ ಒಂದೇ: ಕಿಡ್ನಿ ಕೊಡುವವರು ಯಾರು? ಇದಕ್ಕೆ ಪ್ರಾಮಾಣಿಕ ಉತ್ತರವಿದ್ದರೆ ಉಳಿದದ್ದು ಕಷ್ಟವಾದರೂ ದಾರಿ ಇದೆ. ಉತ್ತರವಿಲ್ಲದೆ ವಿಮಾನ ಹತ್ತಿದರೆ ಹಣ ಹೋಗುತ್ತದೆ, ಕೆಲವೊಮ್ಮೆ ಜೀವವೂ ಹೋಗುತ್ತದೆ, ಜೊತೆಗೆ ಇನ್ಯಾರೋ ಬಡವರ ಬದುಕೂ ಹಾಳಾಗುತ್ತದೆ.

ಕಿಡ್ನಿ ಕಾಯಿಲೆಯ ಸ್ವರೂಪವೇ ಇದಕ್ಕೆ ಕಾರಣ. ಮಂಡಿ ಚಿಪ್ಪಿನ ಬದಲಾವಣೆಗೋ ಹೃದಯದ ಬೈಪಾಸ್‌ಗೋ ಬೇರೆ ದೇಶಕ್ಕೆ ಹೋದರೆ ಬೇಕಾದ ಸಾಮಗ್ರಿಯೆಲ್ಲ ಆಸ್ಪತ್ರೆಯಲ್ಲೇ ಇರುತ್ತದೆ. ಕಿಡ್ನಿಯ ವಿಷಯದಲ್ಲಿ ಆಸ್ಪತ್ರೆಯ ಬಳಿ ಶಸ್ತ್ರಚಿಕಿತ್ಸಕರಿದ್ದಾರೆ, ಪ್ರಯೋಗಾಲಯವಿದೆ, ಔಷಧವಿದೆ. ಕಿಡ್ನಿ ಮಾತ್ರ ಇಲ್ಲ. ಅದು ಇನ್ನೊಬ್ಬ ಮನುಷ್ಯನ ದೇಹದಿಂದಲೇ ಬರಬೇಕು.

ಎರಡೂ ಕಿಡ್ನಿಗಳ ಸೋಸುವ ಶಕ್ತಿ ನಿಮಿಷಕ್ಕೆ 15 ಮಿಲಿಲೀಟರ್‌ಗಿಂತ ಕೆಳಗಿಳಿದರೆ ಅದನ್ನು ಐದನೆಯ, ಅಂದರೆ ಕೊನೆಯ ಹಂತ ಎನ್ನುತ್ತಾರೆ. ಆಮೇಲೆ ಜೀವ ಉಳಿಸುವ ಮಾರ್ಗ ಡಯಾಲಿಸಿಸ್ ಅಥವಾ ಕಸಿ. ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಪ್ರತಿ ಸಲವೂ ನಾಲ್ಕು ಗಂಟೆ ಯಂತ್ರಕ್ಕೆ ಒಡ್ಡಿಕೊಂಡು ಮಲಗುವುದು ಡಯಾಲಿಸಿಸ್. ಒಂದು ಸರದಿಯಲ್ಲಿ ಸುಮಾರು 120 ಲೀಟರ್ ದ್ರವ ಯಂತ್ರದ ಸೋಸುಗದ ಮೂಲಕ ಹಾದುಹೋಗಿ ರಕ್ತದ ಕಲ್ಮಶವನ್ನು ಎಳೆದುಕೊಳ್ಳುತ್ತದೆ. ಆದರೂ ಆರೋಗ್ಯವಂತ ಕಿಡ್ನಿ ಹಗಲೂ ರಾತ್ರಿ ಮಾಡುವ ಕೆಲಸದ ಒಂದು ಪಾಲನ್ನಷ್ಟೇ ಅದು ಮಾಡಬಲ್ಲದು. ರಕ್ತಕಣಗಳ ಉತ್ಪಾದನೆಗೆ ಬೇಕಾದ ಹಾರ್ಮೋನನ್ನು ಯಂತ್ರ ಕೊಡಲಾರದು. ಆದ್ದರಿಂದಲೇ ಈ ರೋಗಿಗಳಿಗೆ ಇಂಜೆಕ್ಷನ್ ಬೇರೆ. ಕಸಿ ಚೆನ್ನಾಗಿ ಕೂಡಿಬಂದರೆ ಈ ಬಂಧನ ಬಿಡುತ್ತದೆ. ಹೊಸ ಕಿಡ್ನಿಯನ್ನು ಕೆಳಹೊಟ್ಟೆಯ ಒಂದು ಬದಿಯಲ್ಲಿ ಕೂರಿಸುತ್ತಾರೆ, ಹಳೆಯವನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ. ಜೀವಂತ ದಾನಿಯಿಂದ ಬಂದ ಕಿಡ್ನಿ ಹದಿನೈದು ವರ್ಷ, ಕೆಲವರಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕೆಲಸ ಮಾಡುತ್ತದೆ. ಇದಕ್ಕಾಗಿ ಜನ ಸಮುದ್ರ ದಾಟುವುದರಲ್ಲಿ ಆಶ್ಚರ್ಯವಿಲ್ಲ. ನೈಜೀರಿಯಾದಂಥ ದೊಡ್ಡ ದೇಶದಲ್ಲೇ ಕಸಿ ಕೇಂದ್ರಗಳು ಕೆಲವೇ, ಡಯಾಲಿಸಿಸ್ ಖರ್ಚನ್ನು ಹೆಚ್ಚಿನವರು ಕೈಯಿಂದಲೇ ಭರಿಸಬೇಕು. ಅಲ್ಲಿಂದ ಅಕ್ಕನನ್ನೋ ಮಗನನ್ನೋ ದಾನಿಯಾಗಿ ಕರೆದುಕೊಂಡು ಭಾರತಕ್ಕೆ ಬರುವವರಲ್ಲಿ ಯಾವ ತಪ್ಪೂ ಇಲ್ಲ.

ಭಾರತ ಸಂತೆಯಾಗಿದ್ದ ಕಾಲ

1954ರ ಡಿಸೆಂಬರ್‌ನಲ್ಲಿ ಬಾಸ್ಟನ್ ನಗರದಲ್ಲಿ ಜೋಸೆಫ್ ಮರ್ರಿ ಮತ್ತು ಸಂಗಡಿಗರು ಅವಳಿ ಸೋದರರಲ್ಲಿ ಒಬ್ಬನ ಕಿಡ್ನಿಯನ್ನು ಇನ್ನೊಬ್ಬನಿಗೆ ಜೋಡಿಸಿ ಗೆದ್ದರು. ತದ್ರೂಪಿ ಅವಳಿಗಳಾದ್ದರಿಂದ ದೇಹ ಹೊಸ ಅಂಗವನ್ನು ಪರಕೀಯವೆಂದು ತಿರಸ್ಕರಿಸಲಿಲ್ಲ. ಭಾರತದಲ್ಲಿ ಯಶಸ್ವಿ ಕಸಿ ನಡೆದದ್ದು 1971ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ. ಎಂಬತ್ತರ ದಶಕದಲ್ಲಿ ಸೈಕ್ಲೋಸ್ಪೋರಿನ್ ಎಂಬ ಔಷಧ ಬಂದದ್ದೇ ಚಿತ್ರವೇ ಬದಲಾಯಿತು. ದೇಹದ ತಿರಸ್ಕಾರವನ್ನು ಅದು ಎಷ್ಟು ಚೆನ್ನಾಗಿ ತಡೆಯಿತೆಂದರೆ, ರಕ್ತಸಂಬಂಧವೇ ಇಲ್ಲದವರ ಕಿಡ್ನಿಯೂ ನಿಲ್ಲತೊಡಗಿತು. ಲಕ್ಷಾಂತರ ಜನರಿಗೆ ಜೀವ ಕೊಟ್ಟ ಅದೇ ಔಷಧ ಕಿಡ್ನಿ ವ್ಯಾಪಾರಕ್ಕೂ ಬಾಗಿಲು ತೆರೆಯಿತು. ಅಪರಿಚಿತನ ಕಿಡ್ನಿ ನಿಲ್ಲುವುದಾದರೆ ಅಪರಿಚಿತನಿಂದ ಕೊಳ್ಳಬಹುದಲ್ಲ!

ಕೊಲ್ಲಿ ರಾಷ್ಟ್ರಗಳ ರೋಗಿಗಳು ಮುಂಬೈಗೆ ಬಂದು ಹಣ ಕೊಟ್ಟು ಕಿಡ್ನಿ ಹಾಕಿಸಿಕೊಂಡು ಹೋಗುತ್ತಿದ್ದರು. ಹಾಗೆ ಹೋದ ಯುಎಇ ಮತ್ತು ಒಮಾನಿನ 130 ರೋಗಿಗಳ ಗತಿ ಏನಾಯಿತೆಂದು ಅವರನ್ನು ಆಮೇಲೆ ನೋಡಿಕೊಂಡ ವೈದ್ಯರೇ 1990ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಸುಮಾರು ಐವರಲ್ಲಿ ಒಬ್ಬರು ವರ್ಷದೊಳಗೆ ತೀರಿಕೊಂಡಿದ್ದರು. ಸೋಂಕೇ ಮುಖ್ಯ ಶತ್ರು. ಕೆಲವರಿಗೆ ಎಚ್‌ಐವಿ ಕೂಡ ಅಂಟಿತ್ತು. ದಾನಿಯ ಆರೋಗ್ಯವನ್ನು ನೆಟ್ಟಗೆ ಪರೀಕ್ಷಿಸದ ಅವಸರದ ವ್ಯಾಪಾರದಲ್ಲಿ ಇದಾಗದೆ ಇನ್ನೇನಾದೀತು?

ಮಾರಿದವರ ಕಥೆ ಇನ್ನೂ ಕೆಟ್ಟದ್ದು. ಚೆನ್ನೈಯಲ್ಲಿ ಕಿಡ್ನಿ ಮಾರಿದ 305 ಜನರನ್ನು ಮಾತನಾಡಿಸಿದ ಅಧ್ಯಯನವೊಂದು 2002ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ 96 ಮಂದಿ ಸಾಲ ತೀರಿಸಲೆಂದು ಮಾರಿದ್ದರು. ಕೈಗೆ ಸಿಕ್ಕದ್ದು ಸರಾಸರಿ 1,070 ಡಾಲರ್. ಸಾಲ ತೀರಿತೇ ಎಂದರೆ, ಹೆಚ್ಚಿನವರು ಸಂದರ್ಶನದ ಹೊತ್ತಿಗೂ ಸಾಲದಲ್ಲೇ ಇದ್ದರು. ಕುಟುಂಬದ ಆದಾಯ ಮೊದಲಿಗಿಂತ ಮೂರನೇ ಒಂದರಷ್ಟು ಇಳಿದಿತ್ತು, ಶೇ 86 ಮಂದಿಯ ಆರೋಗ್ಯ ಕುಗ್ಗಿತ್ತು. ಬೇರೆಯವರಿಗೂ ಮಾರಲು ಹೇಳುತ್ತೀರಾ ಎಂದು ಕೇಳಿದಾಗ ಶೇ 79 ಮಂದಿ ಬೇಡವೆಂದರು. ಭಾರ ಎತ್ತುವ, ಮಗ್ಗದ ಮುಂದೆ ಕೂರುವ, ಗಾರೆ ಹೊರುವ ಮೈಗೆ ಪಕ್ಕೆಯ ಗಾಯ, ಮುಂದೆ ವರ್ಷಗಟ್ಟಲೆ ಮಾಡಿಸಬೇಕಾದ ತಪಾಸಣೆಗೆ ದುಡ್ಡಿಲ್ಲ. ಬಡವನೂ ತನ್ನ ಕಿಡ್ನಿಯನ್ನು ಮಾರಿ ಮೇಲೆ ಬರಲಿ ಬಿಡಿ ಎಂದು ಇವತ್ತಿಗೂ ವಾದಿಸುವವರಿದ್ದಾರೆ. ಈ ಅಂಕಿಗಳನ್ನು ಓದಿದ ಮೇಲೂ ಹಾಗೆ ಹೇಳುವುದು ನನ್ನಿಂದ ಸಾಧ್ಯವಿಲ್ಲ.

ಕಾನೂನು ಯಾರನ್ನು ಹತ್ತಿರದವರು ಎನ್ನುತ್ತದೆ

ಈ ಸಂತೆಯನ್ನು ಮುಚ್ಚಲೆಂದೇ 1994ರಲ್ಲಿ ಮಾನವ ಅಂಗಾಂಗ ಕಸಿ ಕಾಯ್ದೆ ಬಂತು. 2011ರಲ್ಲಿ ತಿದ್ದುಪಡಿಯಾಯಿತು, 2014ರಲ್ಲಿ ಹೊಸ ನಿಯಮಗಳು ಬಂದವು. ಅಂಗವನ್ನು ಕೊಳ್ಳುವುದು, ಮಾರುವುದು, ಮಧ್ಯಸ್ಥಿಕೆ ವಹಿಸುವುದು, ಜಾಹೀರಾತು ಕೊಡುವುದು ಎಲ್ಲವೂ ಅಪರಾಧ. ಶಿಕ್ಷೆ ಐದರಿಂದ ಹತ್ತು ವರ್ಷ ಜೈಲು, 20 ಲಕ್ಷದಿಂದ ಒಂದು ಕೋಟಿ ರೂಪಾಯಿವರೆಗೆ ದಂಡ.

ಕಾಯ್ದೆಯ ಪ್ರಕಾರ ಹತ್ತಿರದ ಸಂಬಂಧಿಗಳೆಂದರೆ ಗಂಡ ಅಥವಾ ಹೆಂಡತಿ, ತಂದೆ, ತಾಯಿ, ಮಗ, ಮಗಳು, ಅಣ್ಣತಮ್ಮಂದಿರು, ಅಕ್ಕತಂಗಿಯರು, ಅಜ್ಜ, ಅಜ್ಜಿ, ಮೊಮ್ಮಕ್ಕಳು. ಅಷ್ಟೇ. ನಮ್ಮ ಮನೆಗಳಲ್ಲಿ ಸೋದರಮಾವ, ಚಿಕ್ಕಪ್ಪ, ದೊಡ್ಡಮ್ಮ, ಭಾವ, ನಾದಿನಿ, ಸೊಸೆ, ಅಳಿಯ ಎಲ್ಲರೂ ಹತ್ತಿರದವರೇ. ಕಾನೂನಿನ ಕಣ್ಣಿಗೆ ಅಲ್ಲ. ಇಬ್ಬರೂ ಭಾರತೀಯರಾಗಿದ್ದು ದಾನಿ ಈ ಪಟ್ಟಿಯ ಹೊರಗಿನವರಾದರೆ, ಪ್ರೀತಿಯಿಂದ ಕೊಡುತ್ತಿದ್ದಾರೆ, ಹಣದ ಆಸೆಯಿಂದಲ್ಲ ಎಂಬುದು ಅನುಮೋದನಾ ಸಮಿತಿಗೆ ಮನವರಿಕೆಯಾಗಬೇಕು. ಕಿಡ್ನಿ ಪಡೆಯುವವರು ವಿದೇಶಿಯರಾಗಿದ್ದು ಕೊಡುವವರು ಭಾರತೀಯರಾದರಂತೂ ಪಟ್ಟಿಯೊಳಗಿನ ಸಂಬಂಧವಿಲ್ಲದೆ ಸಮಿತಿ ಒಪ್ಪಿಗೆ ಕೊಡುವಂತೆಯೇ ಇಲ್ಲ. ಎಂದರೆ ಅಮೆರಿಕದ ಪಾಸ್‌ಪೋರ್ಟ್ ಇರುವ ಸೋದರಳಿಯನಿಗೆ ದಾವಣಗೆರೆಯ ಸೋದರಮಾವ ಎಷ್ಟೇ ಮನಸಾರೆ ಕೊಡುತ್ತೇನೆಂದರೂ ಭಾರತದಲ್ಲಿ ಆಗದು. ಹೊರದೇಶದ ಕನ್ನಡಿಗರು ಇದನ್ನು ಮೊದಲೇ ತಿಳಿದಿರಬೇಕು. ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೆ ಭಾರತೀಯರಂತೆಯೇ ಎಂದು ಎಷ್ಟೋ ಜನ ನಂಬಿದ್ದಾರೆ. ಜೀವಂತ ದಾನಿಯ ಕಸಿಯ ವಿಷಯದಲ್ಲಿ ಅವರು ವಿದೇಶಿ ಪ್ರಜೆಗಳು.

ಅಮೆರಿಕದ ಪ್ರಜೆಯಾದ ಅಣ್ಣ ಹುಬ್ಬಳ್ಳಿಯ ತಂಗಿಗೆ ಕೊಡಬಹುದು, ಏಕೆಂದರೆ ಒಡಹುಟ್ಟಿದವರು ಪಟ್ಟಿಯಲ್ಲಿದ್ದಾರೆ. ಆದರೆ ಒಬ್ಬರು ವಿದೇಶಿ ಪ್ರಜೆಯಾದ್ದರಿಂದ ಸಮಿತಿಯ ಪೂರ್ವಾನುಮತಿ ಕಡ್ಡಾಯ. ಇಬ್ಬರೂ ಭಾರತೀಯ ಪಾಸ್‌ಪೋರ್ಟಿನವರಾಗಿದ್ದರೆ ಆಸ್ಪತ್ರೆಯ ಮಟ್ಟದಲ್ಲೇ ಸಕ್ಷಮ ಪ್ರಾಧಿಕಾರ ನೋಡಿ ಅನುಮತಿ ಕೊಡುತ್ತದೆ. ವಿದೇಶಿಯರ ಪ್ರಕರಣದಲ್ಲಿ ದಾನಿಗೂ ರೋಗಿಗೂ ಇರುವ ಸಂಬಂಧವನ್ನು ಅವರ ದೇಶದ ರಾಯಭಾರ ಕಚೇರಿ ದೃಢೀಕರಿಸಿ ಕೊಡಬೇಕು. ನಿಯಮಗಳಲ್ಲಿ ಅದಕ್ಕೆಂದೇ 21ನೇ ನಮೂನೆ ಇದೆ. ಊರಿನ ಕಡೆಯ ದಾಖಲೆಗಳಲ್ಲಿ ತೊಡಕು ಬರುವುದು ಹೆಸರಿನಲ್ಲಿ. ಅಣ್ಣನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಹೆಸರು ಒಂದು ಬಗೆ, ತಂಗಿಯ ಜನನ ಪ್ರಮಾಣಪತ್ರದಲ್ಲಿ ಇನ್ನೊಂದು ಬಗೆ, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೇ ಮನೆತನದ ಹೆಸರಾಗಿ ಕುಳಿತಿರುತ್ತದೆ. ಇವನ್ನೆಲ್ಲ ಹೊಂದಿಸಲು ವಂಶವೃಕ್ಷ ಪತ್ರ, ಪ್ರಮಾಣಪತ್ರ, ತಹಶೀಲ್ದಾರರ ಕಚೇರಿ ಎಂದು ವಾರಗಟ್ಟಲೆ ಓಡಾಟ. ದಾಖಲೆಗಳಿಂದ ಸಂಬಂಧ ಖಚಿತವಾಗದಿದ್ದರೆ ಡಿಎನ್ಎ ಪರೀಕ್ಷೆಗೂ ಅವಕಾಶವಿದೆ. ಗಂಡ ಹೆಂಡಿರಾದರೆ ಮದುವೆ ನೋಂದಣಿ ಪತ್ರ, ಮದುವೆಯ ಫೋಟೊ, ಮಕ್ಕಳ ಜನನ ಪತ್ರ, ಇಡೀ ಕುಟುಂಬ ಒಟ್ಟಿಗಿರುವ ಫೋಟೊ ಕೇಳುತ್ತಾರೆ. ಕಾಯಿಲೆಯ ಮನೆಯಲ್ಲಿ ಇದು ಕಿರುಕುಳವೆನಿಸುವುದು ಸಹಜ. ಆದರೆ ಮನೆಗೆಲಸದವಳನ್ನು ಹೆಂಡತಿಯೆಂದು, ಕೂಲಿಯವನನ್ನು ತಮ್ಮನೆಂದು ತೋರಿಸಿ ಕಿಡ್ನಿ ತೆಗೆಯುವ ವಂಚನೆಗೆ ಈ ಕಾಗದಗಳೇ ಅಡ್ಡಗೋಡೆ.

ಆಮೇಲೆ ಸಂದರ್ಶನ. ಸಮಿತಿಯು ದಾನಿಯನ್ನೂ ರೋಗಿಯನ್ನೂ ಮಾತನಾಡಿಸುತ್ತದೆ, ಅದರ ವಿಡಿಯೊ ದಾಖಲಾಗುತ್ತದೆ. ಏಕೆ ಕೊಡುತ್ತಿದ್ದೀರಿ, ಶಸ್ತ್ರಚಿಕಿತ್ಸೆಯಲ್ಲಿ ಏನಾಗುತ್ತದೆಂದು ಗೊತ್ತೇ, ನಿಮ್ಮ ಸಂಪಾದನೆ ಎಷ್ಟು, ಅವರ ಸಂಪಾದನೆ ಎಷ್ಟು ಎಂದು ಕೇಳುತ್ತಾರೆ. ದಾನಿ ಮಹಿಳೆಯಾಗಿದ್ದರೆ ಇನ್ನಷ್ಟು ಎಚ್ಚರ ವಹಿಸಬೇಕೆಂದು ನಿಯಮವೇ ಹೇಳುತ್ತದೆ. ನಮ್ಮಲ್ಲಿ ಜೀವಂತ ದಾನಿಗಳ ಪೈಕಿ ತಾಯಂದಿರು ಮತ್ತು ಹೆಂಡತಿಯರೇ ಹೆಚ್ಚು. ಪಡೆಯುವವರಲ್ಲಿ ಗಂಡಸರು ಹೆಚ್ಚು. ಒತ್ತಾಯಕ್ಕೆ ತಲೆಬಾಗಿ ಬಂದ ಸೊಸೆಯೊಬ್ಬಳಿಗೆ ಬೇಡವೆಂದು ಹೇಳಲು ಸಿಗುವ ಕೊನೆಯ ಅವಕಾಶ ಈ ಕೋಣೆಯೇ ಇರಬಹುದು.

ಇಂಥ ಮಾತುಕತೆಯ ಬೆಲೆ ಏನೆಂದು ಲಂಡನ್ನಿನ ಒಂದು ಪ್ರಕರಣ ತೋರಿಸಿಕೊಟ್ಟಿತು. ನೈಜೀರಿಯಾದ ಪ್ರಭಾವಿ ಸೆನೆಟರ್ ಐಕೆ ಎಕ್ವೆರೆಮಾಡು ಅವರ ಮಗಳಿಗೆ ಕಿಡ್ನಿ ಬೇಕಿತ್ತು. ಲಾಗೋಸ್ ಬೀದಿಯಲ್ಲಿ ಫೋನಿನ ಬಿಡಿಸಾಮಾನು ಮಾರುತ್ತಿದ್ದ ಇಪ್ಪತ್ತೊಂದರ ಯುವಕನೊಬ್ಬನನ್ನು ಆಕೆಯ ಸೋದರಸಂಬಂಧಿ ಎಂದು ಹೇಳಿ 2022ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಗೆ ಕರೆತಂದರು. ಮಾತನಾಡಿಸಿದ ವೈದ್ಯರಿಗೆ, ತನಗೆ ಏನು ಮಾಡಲು ಹೊರಟಿದ್ದಾರೆಂಬುದೇ ಹುಡುಗನಿಗೆ ಸರಿಯಾಗಿ ತಿಳಿದಿಲ್ಲವೆನ್ನಿಸಿ, ಅವನು ದಾನಿಯಾಗಲಾರ ಎಂದರು. ಕೆಲ ಕಾಲದ ನಂತರ ಅವನು ತಪ್ಪಿಸಿಕೊಂಡು ಪೊಲೀಸ್ ಠಾಣೆ ಹೊಕ್ಕ. 2023ರಲ್ಲಿ ಸೆನೆಟರಿಗೆ ಒಂಬತ್ತು ವರ್ಷ ಎಂಟು ತಿಂಗಳ ಶಿಕ್ಷೆಯಾಯಿತು. ಆಧುನಿಕ ಗುಲಾಮಗಿರಿ ಕಾಯ್ದೆಯಡಿ ಬ್ರಿಟನ್ನಿನಲ್ಲಿ ಅಂಗಾಂಗಕ್ಕಾಗಿ ಮನುಷ್ಯರನ್ನು ಸಾಗಿಸಿದ ಅಪರಾಧ ಸಾಬೀತಾದದ್ದು ಅದೇ ಮೊದಲು. ಮಗಳನ್ನು ಉಳಿಸಿಕೊಳ್ಳಬೇಕೆಂಬ ತಂದೆಯ ಹಂಬಲ ಯಾರಿಗೂ ಅರ್ಥವಾಗುತ್ತದೆ. ಅದಕ್ಕಾಗಿ ಬೇರೊಬ್ಬರ ಮಗನನ್ನು ಬಳಸಿಕೊಳ್ಳುವುದನ್ನು ಯಾವ ಹಂಬಲವೂ ಸಮರ್ಥಿಸಲಾರದು.

ದಾನಿಯನ್ನೂ ನಾವೇ ಕೊಡುತ್ತೇವೆ ಎನ್ನುವವರು

2008ರಲ್ಲಿ ಇಸ್ತಾನ್‌ಬುಲ್‌ನಲ್ಲಿ ಸೇರಿದ ಹಲವು ದೇಶಗಳ ತಜ್ಞರು ಒಂದು ಘೋಷಣೆ ಹೊರಡಿಸಿದರು. ಕಸಿಗಾಗಿ ಗಡಿ ದಾಟುವುದೇ ತಪ್ಪಲ್ಲ. ಅಂಗದ ವ್ಯಾಪಾರ ಸೇರಿಕೊಂಡರೆ, ಇಲ್ಲವೇ ಹೊರಗಿನವರಿಗೆ ಕೊಟ್ಟು ತನ್ನ ಜನರಿಗೇ ಕಸಿ ಒದಗಿಸಲಾಗದ ಸ್ಥಿತಿ ಆ ದೇಶಕ್ಕೆ ಬಂದರೆ ಅದು ತಪ್ಪು ಎಂದು ಅದು ಗೆರೆ ಎಳೆಯಿತು. ಆ ಹೊತ್ತಿಗೆ ಪಾಕಿಸ್ತಾನ 2007ರಲ್ಲಿ ಸುಗ್ರೀವಾಜ್ಞೆ ತಂದು ವಿದೇಶಿಯರಿಗೆ ನಡೆಯುತ್ತಿದ್ದ ಮಾರಾಟಕ್ಕೆ ತಡೆ ಹಾಕಿತ್ತು. ಫಿಲಿಪ್ಪೀನ್ಸ್ 2008ರಲ್ಲಿ ಅದೇ ಹಾದಿ ಹಿಡಿಯಿತು. ಮರಣದಂಡನೆಗೆ ಗುರಿಯಾದ ಕೈದಿಗಳ ಅಂಗಗಳನ್ನು ಬಳಸುತ್ತಿದ್ದ ಚೀನಾ ಕೂಡ 2007ರಲ್ಲಿ ನಿಯಮ ಬಿಗಿ ಮಾಡಿತು. ಕಿಡ್ನಿ ಕೊಟ್ಟವರಿಗೆ ಹಣ ಕೊಡುವುದನ್ನು ಕಾನೂನುಬದ್ಧವಾಗಿ ನಡೆಸುವ ದೇಶ ಇರಾನ್. ಅಲ್ಲಿ ಕೂಡ ದಾನಿ ಮತ್ತು ರೋಗಿ ಒಂದೇ ದೇಶದವರಾಗಿರಬೇಕೆಂಬ ನಿಯಮವಿದೆ.

ಆ ನಿಯಮಕ್ಕೂ ದಲ್ಲಾಳಿಗಳು ಒಳದಾರಿ ಹುಡುಕಿದ್ದಾರೆ: ರೋಗಿಯನ್ನೂ ಮಾರುವವನನ್ನೂ ಒಂದೇ ದೇಶದಿಂದ ಅಲ್ಲಿಗೆ ಕರೆದೊಯ್ಯುವುದು. 2024ರ ಮೇ ತಿಂಗಳಲ್ಲಿ ಕೊಚ್ಚಿ ವಿಮಾನ ನಿಲ್ದಾಣದಲ್ಲಿ ನಡೆದ ಬಂಧನದ ಹಿಂದೆ ಇದ್ದದ್ದು, ಭಾರತದ ಬಡವರನ್ನು ಇರಾನಿಗೆ ಸಾಗಿಸಿ ಕಿಡ್ನಿ ಮಾರಿಸುತ್ತಿದ್ದ ಜಾಲದ ಆರೋಪ. ತನಿಖೆ ಮುಂದೆ ಎನ್ಐಎ ಕೈಗೆ ಹೋಯಿತು. ಅದೇ ವರ್ಷ ದೆಹಲಿಯಲ್ಲಿ ಬಾಂಗ್ಲಾದೇಶದ ದಾನಿಗಳನ್ನೂ ರೋಗಿಗಳನ್ನೂ ಸುಳ್ಳು ದಾಖಲೆಯಿಂದ ಸಂಬಂಧಿಗಳೆಂದು ತೋರಿಸುತ್ತಿದ್ದ ಜಾಲವನ್ನು ಪೊಲೀಸರು ಬಯಲಿಗೆಳೆದರು. ಬಾಂಗ್ಲಾದೇಶದ ಜೋಯ್‌ಪುರ್‌ಹಾಟ್ ಜಿಲ್ಲೆಯ ಕಾಲಾಯಿ ಕಡೆ ಕಿಡ್ನಿ ಮಾರಿಕೊಂಡವರು ಎಷ್ಟಿದ್ದಾರೆಂದರೆ ಆ ಹಳ್ಳಿಗಳಿಗೆ ಅದೇ ಕುಖ್ಯಾತಿ.

ಆದ್ದರಿಂದ "ದಾನಿಯ ಚಿಂತೆ ನಮಗೆ ಬಿಡಿ", "ಎಲ್ಲ ಸೇರಿ ಇಷ್ಟು" ಎನ್ನುವ ಕರೆ ಬಂದರೆ ಅಲ್ಲಿಗೇ ನಿಲ್ಲಿಸಬೇಕು. ನಿಯಮಬದ್ಧ ಆಸ್ಪತ್ರೆ ಚಿಕಿತ್ಸೆಯ ಖರ್ಚು ಹೇಳುತ್ತದೆ, ಕಿಡ್ನಿಗೆ ಬೆಲೆ ಹೇಳುವುದಿಲ್ಲ. ಭಾರತದಲ್ಲಾದರೆ ಆಸ್ಪತ್ರೆಗೆ ಕಸಿ ನಡೆಸಲು ನೋಂದಣಿ ಇದೆಯೇ ಎಂಬುದನ್ನು ರಾಷ್ಟ್ರೀಯ ಅಂಗಾಂಗ ಕಸಿ ಸಂಸ್ಥೆ ನೋಟೊದಲ್ಲಿ ವಿಚಾರಿಸಬಹುದು. ಹೊರಗಿನಿಂದ ಬರುವ ರೋಗಿ ವೈದ್ಯಕೀಯ ವೀಸಾದಲ್ಲಿಯೇ ಬರಬೇಕು. ಪ್ರವಾಸಿ ವೀಸಾದಲ್ಲಿ ಬನ್ನಿ, ಆಮೇಲೆ ನೋಡಿಕೊಳ್ಳೋಣ ಎನ್ನುವ ದಲ್ಲಾಳಿ ಮೊದಲ ಹೆಜ್ಜೆಯಲ್ಲೇ ನಿಮ್ಮನ್ನು ಕಾನೂನಿನ ಆಚೆಗೆ ನಿಲ್ಲಿಸಿರುತ್ತಾನೆ.

ಮೃತ ದಾನಿಯ ಕಿಡ್ನಿ ಸಿಗಬಹುದೇ ಎಂಬ ಆಸೆ ವಿದೇಶದಲ್ಲಿ ಇಟ್ಟುಕೊಳ್ಳುವುದು ಬಹುಮಟ್ಟಿಗೆ ವ್ಯರ್ಥ. ಮಿದುಳು ನಿಷ್ಕ್ರಿಯಗೊಂಡವರ ಅಂಗಗಳು ಎಲ್ಲ ಕಡೆಯೂ ಸಾಲದು, ಪ್ರತಿ ದೇಶವೂ ತನ್ನವರಿಗೇ ಮೊದಲು ಕೊಡುತ್ತದೆ. ಭಾರತದ ನಿಯಮದಲ್ಲೂ ರಾಜ್ಯ, ದೇಶ, ಭಾರತ ಮೂಲದವರು, ಎಲ್ಲರ ನಂತರ ವಿದೇಶಿಯರು. ಅಮೆರಿಕದಲ್ಲಿ ಕಿಡ್ನಿಗಾಗಿ ಕಾಯುತ್ತಿರುವವರೇ ಸುಮಾರು 90,000. ಅಲ್ಲಿ ಕೊನೆಯ ಹಂತದ ಕಿಡ್ನಿ ರೋಗಿಗಳ ಖರ್ಚನ್ನು ವಯಸ್ಸು ನೋಡದೆ ಸರ್ಕಾರದ ಮೆಡಿಕೇರ್ ಭರಿಸುವ ಏರ್ಪಾಡು 1972ರ ಕಾನೂನಿನಿಂದ ಬಂತು, ಆದರೆ ಅದು ಭೇಟಿ ವೀಸಾದಲ್ಲಿ ಹೋದ ತಂದೆತಾಯಿಗೆ ಅನ್ವಯಿಸುವುದಿಲ್ಲ. ಒಂದು ಕಿಡ್ನಿ ಕಸಿಗೆ ಅಲ್ಲಿನ ಆಸ್ಪತ್ರೆಗಳು ಹಾಕುವ ಬಿಲ್ಲು, ಮೊದಲಿನ ತಪಾಸಣೆ ಮತ್ತು ನಂತರದ ಆರು ತಿಂಗಳು ಸೇರಿ, ಸರಾಸರಿ 4,42,500 ಡಾಲರ್ ಎಂದು ಮಿಲಿಮನ್ ಸಂಸ್ಥೆ 2020ರಲ್ಲಿ ಲೆಕ್ಕ ಹಾಕಿತ್ತು. ಅಪ್ಪನನ್ನು ಅಲ್ಲಿಗೆ ಕರೆಸುವುದಕ್ಕಿಂತ ದಾನಿಯಾಗುವ ಮಗನೇ ಇಲ್ಲಿಗೆ ಬರುವುದು ಎಷ್ಟೋ ಮೇಲು. ರಕ್ತದ ಗುಂಪು, ಮೂತ್ರ, ಸಕ್ಕರೆ, ರಕ್ತದೊತ್ತಡ, ಸ್ಕ್ಯಾನ್‌ನಂಥ ಆರಂಭದ ತಪಾಸಣೆ ಅಲ್ಲಿಯೇ ಮಾಡಿಸಿ, ದಾನಿಯಾಗಲು ತೊಂದರೆಯಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ರಜೆ ಹಾಕುವುದು ಒಳ್ಳೆಯದು. ದಾನಿ ಆಸ್ಪತ್ರೆಯಲ್ಲಿ ಇರಬೇಕಾದದ್ದು ಕೆಲವೇ ದಿನ, ಆದರೆ ಮೈ ಮೊದಲಿನಂತಾಗಲು ನಾಲ್ಕರಿಂದ ಆರು ವಾರ ಬೇಕು.

ಶಸ್ತ್ರಚಿಕಿತ್ಸೆ ಮುಗಿದ ಮೇಲೆ

ಹೊರಗಿನಿಂದ ಬಂದವರು ಹೆಚ್ಚಾಗಿ ಎಡವುವುದು ಇಲ್ಲಿ. ಹೊಲಿಗೆ ಬಿಚ್ಚಿದರು, ಕ್ರಿಯಾಟಿನಿನ್ ಇಳಿಯಿತು, ದುಡ್ಡು ಮುಗಿಯುತ್ತಾ ಬಂತು, ಮನೆ ಕರೆಯುತ್ತಿದೆ, ಟಿಕೆಟ್ ತೆಗೆಸಿಬಿಡುತ್ತಾರೆ. ಕಸಿಯ ಮೊದಲ ಮೂರು ತಿಂಗಳೇ ಅತಿ ಅಪಾಯದ ಕಾಲ. ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನು ಔಷಧಗಳಿಂದ ಆಗ ತೀರಾ ಕೆಳಗೆ ಇಳಿಸಿರುತ್ತಾರೆ. ಟ್ಯಾಕ್ರೋಲಿಮಸ್, ಮೈಕೋಫಿನೊಲೇಟ್, ಪ್ರೆಡ್ನಿಸೊಲೋನ್ ಈ ಮೂರು ಸಾಮಾನ್ಯ. ಟ್ಯಾಕ್ರೋಲಿಮಸ್ ರಕ್ತದಲ್ಲಿ ಕಡಿಮೆಯಾದರೆ ಕಿಡ್ನಿ ತಿರಸ್ಕೃತವಾಗುತ್ತದೆ, ಹೆಚ್ಚಾದರೆ ಅದೇ ಔಷಧ ಕಿಡ್ನಿಗೆ ವಿಷವಾಗುತ್ತದೆ. ಬೆಳಗಿನ ಗುಳಿಗೆ ನುಂಗುವ ಮೊದಲು ರಕ್ತ ತೆಗೆದು ಮಟ್ಟ ನೋಡಿ ಪ್ರಮಾಣ ಹೊಂದಿಸುತ್ತಲೇ ಇರಬೇಕು. ಮರಳಿ ಹೋಗುವ ಊರಿನಲ್ಲಿ ಈ ರಕ್ತಪರೀಕ್ಷೆ ಮಾಡುವ ಪ್ರಯೋಗಾಲಯ ಇದೆಯೇ, ಅದೇ ಕಂಪನಿಯ ಗುಳಿಗೆ ಸಿಗುತ್ತದೆಯೇ, ವರದಿ ನೋಡುವ ನೆಫ್ರಾಲಜಿಸ್ಟ್, ಅಂದರೆ ಕಿಡ್ನಿ ತಜ್ಞರು, ಒಪ್ಪಿದ್ದಾರೆಯೇ? ಹೊರಡುವ ಮೊದಲೇ ಕೇಳಿ ತಿಳಿಯಬೇಕಾದ ಮಾತು ಇವು. ಕಂಪನಿ ಬದಲಾದಾಗ ವೈದ್ಯರಿಗೆ ಹೇಳದೆ ನುಂಗಕೂಡದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಟ್ಯಾಕ್ರೋಲಿಮಸ್ ಮಟ್ಟವನ್ನು ಪಾತಾಳಕ್ಕೆ ತಳ್ಳುತ್ತದೆ. ಕ್ಷಯ ಹೆಚ್ಚಿರುವ ನಮ್ಮಂಥ ದೇಶದಲ್ಲಿ ಇದು ಸಣ್ಣ ಮಾತಲ್ಲ. ಚಕ್ಕೋತ ಹಣ್ಣು ಅದಕ್ಕೆ ವಿರುದ್ಧವಾಗಿ ಮಟ್ಟವನ್ನು ಏರಿಸಬಹುದು. ದೇವನಹಳ್ಳಿಯ ಚಕ್ಕೋತ ಎಷ್ಟೇ ಪ್ರಸಿದ್ಧವಾಗಿರಲಿ, ಕಸಿಯಾದವರಿಗೆ ವರ್ಜ್ಯ.

ಇನ್ನೊಂದು ಸಣ್ಣ ವಸ್ತುವಿದೆ, ಮರೆತರೆ ದೊಡ್ಡ ತೊಂದರೆ. ಹೊಸ ಕಿಡ್ನಿಯ ಮೂತ್ರನಾಳವನ್ನು ಮೂತ್ರಕೋಶಕ್ಕೆ ಹೊಲಿದಾಗ ಆ ಜೋಡಣೆ ಒಣಗುವವರೆಗೆ ಒಳಗೊಂದು ತೆಳು ಪ್ಲಾಸ್ಟಿಕ್ ನಳಿಕೆ ಇಡುತ್ತಾರೆ. ಆಸ್ಪತ್ರೆಯಲ್ಲಿ ಅದನ್ನು ಡಿಜೆ ಸ್ಟೆಂಟ್ ಎನ್ನುತ್ತಾರೆ. ನಾಲ್ಕರಿಂದ ಆರು ವಾರಗಳಲ್ಲಿ ಮೂತ್ರದ್ವಾರದ ಮೂಲಕ ದುರ್ಬೀನು ಹಾಕಿ ಅದನ್ನು ತೆಗೆಯಬೇಕು. ಅದು ಒಳಗಿದೆಯೆಂಬುದೇ ರೋಗಿಗೆ ಅನುಭವಕ್ಕೆ ಬರದಿರಬಹುದು. ತೆಗೆಸದೆ ದೇಶ ಬಿಟ್ಟರೆ, ಬಿಡುಗಡೆ ಪತ್ರದಲ್ಲಿ ಆ ಸಾಲು ಯಾರ ಕಣ್ಣಿಗೂ ಬೀಳದಿದ್ದರೆ, ನಳಿಕೆಯ ಮೇಲೆ ಸುಣ್ಣ ಕಟ್ಟಿ ಮೇಲಿಂದ ಮೇಲೆ ಸೋಂಕು ಬಂದು ಕಷ್ಟಪಟ್ಟು ಪಡೆದ ಕಿಡ್ನಿಯೇ ಕೆಡಬಹುದು. ಹಾಗಾಗಿ ಬಿಡುಗಡೆ ಪತ್ರವನ್ನು ಸಾಲು ಸಾಲಾಗಿ ಓದಿಸಿಕೊಳ್ಳಿ. ದಾನಿ ಯಾರು, ಅಂಗಾಂಶ ಹೊಂದಾಣಿಕೆ ಎಷ್ಟು, ಆರಂಭದಲ್ಲಿ ಯಾವ ಇಂಜೆಕ್ಷನ್ ಕೊಟ್ಟರು, ತಿರಸ್ಕಾರ ಕಾಣಿಸಿತ್ತೇ, ಯಾವ ವೈರಸ್ ಪರೀಕ್ಷೆ ಏನು ಹೇಳಿತು, ಸ್ಟೆಂಟ್ ಯಾವ ದಿನ ತೆಗೆದರು, ಎಲ್ಲವೂ ಅದರಲ್ಲಿರಬೇಕು. ಅಂಗ ಕೊಂಡುಕೊಂಡು ಬಂದವರ ಕೈಯಲ್ಲಿ ಇಂಥ ಪತ್ರ ಇರುವುದು ಅಪರೂಪ. ಊರಿನ ವೈದ್ಯರು ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಲಸಿಕೆಯ ಲೆಕ್ಕ ಕಸಿಗೆ ಮೊದಲೇ ಮುಗಿದಿರಬೇಕು. ಹಳದಿ ಜ್ವರದ ಲಸಿಕೆಯಲ್ಲಿ ಜೀವಂತ ವೈರಸ್ ಇರುತ್ತದೆ, ಕಸಿಯ ನಂತರ ಅದನ್ನು ಕೊಡುವಂತಿಲ್ಲ. ಆ ರೋಗವಿರುವ ಆಫ್ರಿಕದ ದೇಶಗಳಿಂದ ಬರುವವರ ಬಳಿ ಲಸಿಕೆ ಪ್ರಮಾಣಪತ್ರವನ್ನು ಭಾರತದ ವಿಮಾನ ನಿಲ್ದಾಣಗಳಲ್ಲಿ ಕೇಳುತ್ತಾರೆ. ಅಲ್ಲಿ ಕೆಲಸ ಮಾಡುವ ಕನ್ನಡಿಗರು ಊರಿಗೆ ಬಂದು ಕಸಿ ಮಾಡಿಸಿಕೊಂಡು ಮರಳುವುದಿದ್ದರೆ ಇದನ್ನು ಮುಂಚೆಯೇ ವೈದ್ಯರ ಗಮನಕ್ಕೆ ತರಬೇಕು.

ದಾನಿಯನ್ನು ಎಲ್ಲರೂ ಬೇಗ ಮರೆಯುತ್ತಾರೆ. ವರ್ಷಕ್ಕೊಮ್ಮೆ ಕ್ರಿಯಾಟಿನಿನ್, ರಕ್ತದೊತ್ತಡ, ಮೂತ್ರದಲ್ಲಿ ಪ್ರೋಟೀನ್ ಪರೀಕ್ಷೆ ಜೀವನಪೂರ್ತಿ ಬೇಕು. ಮೈಕೈ ನೋವಿಗೆ ಅಂಗಡಿಯಲ್ಲಿ ಸಿಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳನ್ನು ಅವರು ತಾವಾಗಿಯೇ ನುಂಗಬಾರದು.

ಕಸಿಯ ಮಾತೇ ಇಲ್ಲದೆ, ಡಯಾಲಿಸಿಸ್ ಮಾಡಿಸಿಕೊಳ್ಳುತ್ತಲೇ ಮಗಳ ಬಾಣಂತನಕ್ಕೋ ಮೊಮ್ಮಗನ ಹುಟ್ಟುಹಬ್ಬಕ್ಕೋ ವಿದೇಶಕ್ಕೆ ಹೋಗುವವರೂ ಇದ್ದಾರೆ. ಹೋಗಬಹುದು. ಎರಡು ಮೂರು ತಿಂಗಳು ಮೊದಲೇ ಆ ಊರಿನ ಕೇಂದ್ರದಲ್ಲಿ ಜಾಗ ಕಾದಿರಿಸಬೇಕು. ಇತ್ತೀಚಿನ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ವರದಿ, ನೀರು ತೆಗೆದ ಮೇಲಿನ ಒಣ ತೂಕ, ಡಯಾಲಿಸಿಸ್ ಸೂಜಿ ಚುಚ್ಚಲು ರಕ್ತನಾಳಗಳನ್ನು ಜೋಡಿಸಿದ ಫಿಸ್ಟುಲಾ ಯಾವ ಕೈಯಲ್ಲಿದೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಎಷ್ಟು ಎಂಬ ವಿವರ ಅವರು ಕೇಳುತ್ತಾರೆ. ಹೊರಡುವ ಹಿಂದಿನ ದಿನ ಡಯಾಲಿಸಿಸ್ ಮುಗಿಸಿಕೊಳ್ಳುವುದು ಲೇಸು. ಫಿಸ್ಟುಲಾ ಇರುವ ಕೈಯಲ್ಲಿ ಪೆಟ್ಟಿಗೆ ಎತ್ತಬಾರದು, ವಿಮಾನದಲ್ಲಿ ಕೊಡುವ ಕಿತ್ತಳೆ ರಸವನ್ನು ಮುಟ್ಟಬಾರದು, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಸಾಮಾನ್ಯ ಪ್ರವಾಸ ವಿಮೆ ಮೊದಲೇ ಗೊತ್ತಿದ್ದ ಡಯಾಲಿಸಿಸ್ ಖರ್ಚನ್ನು ಕೊಡುವುದಿಲ್ಲ, ಆ ಹಣ ಕೈಯಲ್ಲಿರಬೇಕು. ಮನೆಯಲ್ಲೇ ಹೊಟ್ಟೆಯ ಮೂಲಕ ಪೆರಿಟೋನಿಯಲ್ ಡಯಾಲಿಸಿಸ್ ಮಾಡಿಕೊಳ್ಳುವವರಿಗೆ ಪ್ರಯಾಣ ಸ್ವಲ್ಪ ಸುಲಭ. ದ್ರವದ ಚೀಲಗಳು ಹೋಗುವ ಊರಿಗೇ ತಲುಪುವಂತೆ ಸಾಕಷ್ಟು ಮುಂಚೆ ಕಂಪನಿಗೆ ತಿಳಿಸಿ ಏರ್ಪಾಡು ಮಾಡಿಕೊಳ್ಳಬಹುದು. ಮರಳಿ ಬಂದ ಮೇಲೆ ನಿಮ್ಮ ಕೇಂದ್ರ ಮತ್ತೆ ವೈರಸ್ ಪರೀಕ್ಷೆ ಕೇಳಿದರೆ ಬೇಸರಪಟ್ಟುಕೊಳ್ಳಬೇಡಿ, ಅದು ಪಕ್ಕದ ಹಾಸಿಗೆಯವರ ರಕ್ಷಣೆಗೆ.

ಮನೆಯಲ್ಲಿ ದಾನಿಯಿದ್ದೂ ರಕ್ತದ ಗುಂಪು ಹೊಂದದಿದ್ದಾಗ ಅನೇಕರು ವಿದೇಶದ ಕಡೆ ನೋಡುತ್ತಾರೆ. ಅದಕ್ಕೆ ಮುಂಚೆ ಇಲ್ಲಿಯೇ ಕೇಳಬೇಕಾದದ್ದು ಬಹಳ ಇದೆ. ಗುಂಪು ಹೊಂದದ ಕಸಿಯನ್ನು ವಿಶೇಷ ಸಿದ್ಧತೆಯೊಂದಿಗೆ ಬೆಂಗಳೂರಿನಲ್ಲೇ ಮಾಡುತ್ತಾರೆ. ಇಂಥದೇ ತೊಡಕಿರುವ ಎರಡು ಕುಟುಂಬಗಳು ಪರಸ್ಪರ ದಾನಿಗಳನ್ನು ಬದಲಾಯಿಸಿಕೊಳ್ಳುವುದಕ್ಕೆ 2011ರ ತಿದ್ದುಪಡಿ ಅವಕಾಶ ಕೊಟ್ಟಿದೆ. ದಾನಿಯೇ ಇಲ್ಲದವರು ಮೃತ ದಾನಿಗಳ ಅಂಗಗಳನ್ನು ಹಂಚುವ ರಾಜ್ಯದ ಜೀವಸಾರ್ಥಕತೆ ಸಂಸ್ಥೆಯ ಕಾಯುವ ಪಟ್ಟಿಗೆ ನೋಂದಾಯಿತ ಆಸ್ಪತ್ರೆಯ ಮೂಲಕ ಹೆಸರು ಸೇರಿಸಬಹುದು. ಅರವತ್ತೈದು ದಾಟಿದವರು ನೋಂದಾಯಿಸುವಂತಿಲ್ಲ, ಆ ರಾಜ್ಯದ ನಿವಾಸಿಯೇ ಆಗಿರಬೇಕು ಎಂಬ ಎರಡೂ ಷರತ್ತುಗಳನ್ನು ಕೇಂದ್ರ ಸರ್ಕಾರ 2023ರಲ್ಲಿ ಕೈಬಿಟ್ಟಿತು. ಖಾಸಗಿ ಆಸ್ಪತ್ರೆಯ ಖರ್ಚು ನಿಭಾಯಿಸಲಾಗದವರಿಗೆ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರದ ನೆಫ್ರೋ ಯುರಾಲಜಿ ಸಂಸ್ಥೆ ಇದೆ. ಜೀವಸಾರ್ಥಕತೆಯ ಪಟ್ಟಿ ಉದ್ದವಿದೆ, ಕಾಯುವುದು ವರ್ಷಗಟ್ಟಲೆ ಆಗಬಹುದು. ಬೇರೆ ದಾರಿಗಳನ್ನು ಹುಡುಕುತ್ತಿರುವಾಗಲೂ ಹೆಸರು ಅಲ್ಲಿ ಇರಲಿ, ಹೆಪಟೈಟಿಸ್ ಬಿ ಲಸಿಕೆ ಪೂರ್ತಿಯಾಗಲಿ, ಕರೆ ಬಂದ ರಾತ್ರಿ ಎತ್ತಲು ಫೋನ್ ನಂಬರು ಬದಲಾಗದಿರಲಿ.